ಗೋದಾವರಿಯ ಕಾಗೆಗಳು

ಧರ್ಮಪುರಿಯಲ್ಲೂ ಕಾಗೆ ಪಿಂಡ ಮುಟ್ಟಲಿಲ್ಲ.

ಕಾಗೆಗಳೇ ಇರಲಿಲ್ಲವೆಂದಲ್ಲ. ಘಾಟಿನ ಅರಳಿಮರದ ತುಂಬ ಕೂತಿದ್ದವು. ಕೆಳಗೆ ಡಿಸೆಂಬರಿನ ಮಂಜಿನಲ್ಲಿ, ಒದ್ದೆ ಪಂಚೆಯಲ್ಲಿ ಚಂದ್ರಕಾಂತ ನಡುಗುತ್ತ ನಿಂತಿದ್ದ.

"ಅಪ್ಪ, ದಿಲ್‌ಸುಖ್‌ನಗರದ ಮನಿ ಮಾರೂದಿಲ್ಲ" ಎಂದು ಕೈಮುಗಿದ. ಒಂದು ಕಾಗೆಯೂ ಕದಲಲಿಲ್ಲ. "ಅವ್ವನ್ನ ಪ್ರತಿ ವರ್ಷ ಪಂಢರಪುರಕ್ಕ ಕರಕೊಂಡು ಹೋಗ್ತೀನಿ." ಅದಕ್ಕೂ ಇಲ್ಲ. ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರೆ ಆಯಿತು, ಶಾಸ್ತ್ರದಲ್ಲಿ ದಾರಿ ಇದೆ ಎಂದು ಪುರೋಹಿತರು ತೆಲುಗಿನಲ್ಲಿ ಸಮಾಧಾನ ಹೇಳಿದರು. ಚಂದ್ರಕಾಂತ ಒಪ್ಪಲಿಲ್ಲ. ಹುಲ್ಲಿನ ಕಾಗೆಗೆ ಮೋಸಹೋಗುವ ಆಸಾಮಿಯಲ್ಲ ಅವನಪ್ಪ ವಾಸುದೇವರಾಯ.

ಅಪ್ಪ ತೀರಿಕೊಂಡ ಹತ್ತನೆಯ ದಿನವೂ ಹೀಗೇ ಆಗಿತ್ತು. ಹೈದರಾಬಾದಿನ ಮನೆಯ ತಾರಸಿಯ ಮೇಲೆ ಇಳಿದದ್ದು ಬರೀ ಪಾರಿವಾಳ. ಅಂದಿನಿಂದ ಚಂದ್ರಕಾಂತನಿಗೆ ನೆಮ್ಮದಿಯಿಲ್ಲ. ಅಪ್ಪನಿಗೆ ಏನೋ ಆಸೆ ಉಳಿದಿದೆ, ಅದೇನೆಂದು ಹೇಳುವುದಕ್ಕೆ ಬಾಯಿಲ್ಲ. ವರ್ಷ ತುಂಬುವುದರೊಳಗೆ ಗೋದಾವರಿಯ ಹಳೆಯ ಊರುಗಳಲ್ಲೆಲ್ಲ ಪಿಂಡ ಇಟ್ಟು ಬರೋಣ ಎಂದವಳು ಅವ್ವ, ಸಾವಿತ್ರಿಬಾಯಿ. ಅವಳು ಹೋಟೆಲಿನ ನೀರೂ ಮುಟ್ಟುವವಳಲ್ಲ. ಹಾಗಾಗಿ ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಕ್ಯಾರವಾನ್ ಒಂದನ್ನು ಶಂಶಾಬಾದಿನಲ್ಲಿ ಬಾಡಿಗೆಗೆ ಹಿಡಿದು, ಹೆಂಡತಿ ಸ್ನೇಹಲತಾಳನ್ನೂ ಕೂರಿಸಿಕೊಂಡು, ಅವನೇ ಓಡಿಸಿಕೊಂಡು ಹೊರಟಿದ್ದ.

"ಮೃಣಾಲಿನಿ ಮತ್ತ ಫೋನ್ ಮಾಡಿದ್ಳುರಿ" ಎಂದಳು ಸ್ನೇಹಲತಾ, ಗಾಡಿ ಮಂಥನಿಯ ದಾರಿ ಹಿಡಿದಾಗ. "ವರ್ಷಾಂತಿಕದ ದಿನ ಒಂದ ದೀಪ ಹಚ್ಚಿ ಹೋಗ್ತೀನಿ ಅಂತಾಳ."

"ಆ ಮಾತು ತೆಗೀಬ್ಯಾಡ."

ಮೃಣಾಲಿನಿ ಅವನ ತಂಗಿ. ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಇವಳು ನನ್ನ ಹೊಸ್ತಿಲು ತುಳಿಯಕೂಡದು ಎಂದು ಅಪ್ಪ ಗುಡುಗಿದ. ಅಪ್ಪ ಹೋದ ಮೇಲೂ ಮಗ ಆ ಮಾತನ್ನು ಬಿಡಲಿಲ್ಲ. ಹೆಣದ ಮುಖ ನೋಡಲು ಬಂದವಳನ್ನು ಗೇಟಿನಿಂದಲೇ ಕಳಿಸಿದ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವ ಪೈಕಿ ಅವನು. ಸಾವಿತ್ರಿಬಾಯಿ ಒಮ್ಮೆ ಅತ್ತು ಕೇಳಿದ್ದಳು, ಇಲ್ಲವೆಂದ. ಮತ್ತೆ ಅವಳು ಆ ಮಾತೆತ್ತಲಿಲ್ಲ.

ಗಾಡಿಯೊಳಗೆ ಬೇರೆಯದೇ ಏನೋ ನಡೆಯುತ್ತಿತ್ತು. ಗೂಟಕ್ಕೆ ಅಪ್ಪನ ಕಂದು ಶಾಲು ನೇತುಹಾಕಿದ್ದರು. ಮೊದಲ ಊರಾದ ಬಾಸರದಲ್ಲಿ ಬೆಳಗ್ಗೆ ಎದ್ದು ಮುಟ್ಟಿದರೆ ಅದು ಇಬ್ಬನಿಯಲ್ಲಿ ನೆನೆದಿತ್ತು. ಧರ್ಮಪುರಿಯಲ್ಲೂ ಅಷ್ಟೇ. ಆ ಊರಿನಲ್ಲಿ ಯಮನಿಗೂ ಒಂದು ಗುಡಿಯಿದೆ. ಚಂದ್ರಕಾಂತ ಅಲ್ಲಿ ಎರಡು ಸಲ ಅಡ್ಡಬಿದ್ದು ಬಂದ. ಮಂಥನಿಯಲ್ಲಿ ಸ್ನೇಹಲತಾ ಡಬ್ಬಿ ತೆಗೆದು ನಿಂತುಬಿಟ್ಟಳು.

"ಖಡಕ್ ರೊಟ್ಟಿ ಎಲ್ಲಿ ಹೋದವುರಿ? ಡಬ್ಬಿ ತುಂಬ ತಂದಿದ್ದೆ, ಈಗ ನಾಕ ಉಳದಾವ."

ಯಾರೂ ತಿಂದಿರಲಿಲ್ಲ. ವಾಸುದೇವರಾಯನಿಗೆ ಖಡಕ್ ರೊಟ್ಟಿಯೆಂದರೆ ಪ್ರಾಣ. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

"ಮಾಡಿದ್ರಾತು ಬಿಡ್ರಿ" ಎಂದು ಸಾವಿತ್ರಿಬಾಯಿ ಜೋಳದ ಹಿಟ್ಟು ನಾದಲು ಕೂತಳು. "ಹಸಿದವರು ತಿಂದಾರ."

ಆ ಮಾತು ಕೇಳಿ ಚಂದ್ರಕಾಂತನ ಮೈಮೇಲಿನ ಕೂದಲು ನಿಂತಿತು. ಮಂಥನಿಯ ಘಾಟಿನಲ್ಲಿ ಅವನು ಅಪ್ಪನ ಪುಸ್ತಕಗಳು, ವೀಣೆ, ಹಳೆಯ ಸ್ಕೂಟರಿನವರೆಗೆ ನೆನಪಾದದ್ದಕ್ಕೆಲ್ಲ ಮಾತು ಕೊಟ್ಟ. ಒಂದು ಕಾಗೆ ಇಳಿಯಿತು. ಪಿಂಡದ ಸುತ್ತ ಒಂದು ಸುತ್ತು ಹಾಕಿ, ನದಿಯ ಕಡೆ ಹಾರಿಹೋಯಿತು.

ಕಾಳೇಶ್ವರ ಕೊನೆಯ ಊರು. ನಸುಕಿನಲ್ಲಿ ಬಾಗಿಲು ಕಿರ್ರೆಂದಿತು. ಚಂದ್ರಕಾಂತ ಪರದೆ ಸರಿಸಿದ. ಎರಡು ನದಿ ಕೂಡುವ ಕಡೆಗೆ, ಮಂಜಿನೊಳಗೆ, ಅಪ್ಪನ ಶಾಲು ನಡೆದುಹೋಗುತ್ತಿತ್ತು. ತಲೆಯ ಮೇಲಿಂದ ಹೊದ್ದಿತ್ತು, ಬೆನ್ನು ಬಾಗಿತ್ತು, ಮುಖ ಕಾಣಲಿಲ್ಲ. ನಲವತ್ತು ದಾಟಿದ ಗಂಡಸು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು, ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದು ಮಲಗಿದ. ಬೆಳಕು ಹರಿದಾಗ ಶಾಲು ಗೂಟದಲ್ಲೇ ಇತ್ತು, ಅಂಚಿಗೆ ನದಿಯ ಮರಳು ಮೆತ್ತಿತ್ತು.

ಘಾಟಿನಲ್ಲಿ ಪಿಂಡ ಇಟ್ಟವನೇ ಅವನು ಅತ್ತುಬಿಟ್ಟ. ಉಳಿದ ಆಸೆ ಯಾವುದೆಂದು ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಸಾಯುವ ಹೊತ್ತಿಗೆ ಯಾವ ಅಪ್ಪ ಮಗಳ ಮುಖ ಬೇಡವೆಂದಾನು? ಒದ್ದೆ ಕೈಯಲ್ಲೇ ಫೋನ್ ಹಚ್ಚಿದ.

"ಮೃಣಾಲಿನಿ, ವರ್ಷಾಂತಿಕಕ್ಕ ಮನೀಗೆ ಬಾ. ನಿನ್ನ ಗಂಡನ್ನೂ ಕರಕೊಂಡ ಬಾ. ಅಪ್ಪನ ಎದುರಿಗೆ ನಿಂತು ಹೇಳಾಕತ್ತೀನಿ."

ಆ ಕಡೆಯಿಂದ ಅಳು ಕೇಳಿಸಿತು. ಸ್ನೇಹಲತಾ ಸೆರಗು ಕಣ್ಣಿಗೊತ್ತಿಕೊಂಡಳು. ಸಾವಿತ್ರಿಬಾಯಿ ಮಾತ್ರ ಬೆದರಿದ ಕಣ್ಣಿನಿಂದ ಘಾಟಿನ ಬೇವಿನ ಮರವನ್ನೇ ನೋಡುತ್ತಿದ್ದಳು. ಮರದ ತುಂಬ ಕಾಗೆ. ಎಲ್ಲರೂ ಕಾದರು. ಮಂಜು ಕರಗಿತು, ಬಿಸಿಲು ಮೆಟ್ಟಿಲಿಗಿಳಿಯಿತು. ಕಾಗೆಗಳು ಕೊಕ್ಕಿನಿಂದ ರೆಕ್ಕೆ ಒಪ್ಪ ಮಾಡಿಕೊಂಡು ಹಾಯಾಗಿ ಕೂತವು. ಒಂದೂ ಇಳಿಯಲಿಲ್ಲ.

ಚಂದ್ರಕಾಂತನ ಮುಖ ಕಪ್ಪಿಟ್ಟಿತು.

"ಇಲ್ಲ. ಅಪ್ಪಗ ಇದು ಬ್ಯಾಡ. ನಾನ ತಪ್ಪು ತಿಳ್ಕೊಂಡೆ." ಮತ್ತೆ ಫೋನ್ ಹಚ್ಚಿದ. "ಮೃಣಾಲಿನಿ, ನೀ ಬರ..."

ಸಾವಿತ್ರಿಬಾಯಿ ಅವನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅವು ಇಳಿಯೂದಿಲ್ಲ ಚಂದ್ರು. ಬಾಸರದಿಂದ ದಿನಾ ನಸುಕಿನ್ಯಾಗ ಹೋಗಿ, ನೀ ಈ ಮಾತು ಆಡೂತನಕಾ ಪಿಂಡ ಮುಟ್ಟಬಾರದಂತ, ಹೊಟ್ಟಿ ಬಿರಿಯೂಹಂಗ ರೊಟ್ಟಿ ಹಾಕಿದಾಕಿ ನಾನ; ಇವತ್ತ ಆಡ್ತೀ ಅಂತ ನನಗೇನ ಗೊತ್ತಿತ್ತೋ ಮಗನ!"