ಲೊರೇನ್ ನುಡಿಸಿದ ಪಿಯಾನೋ

"ನಿಲ್ಲಿಸಮ್ಮ, ಅದು ನಾನಲ್ಲ," ಎಂದರು ತೊಂಬತ್ತು ದಾಟಿದ ಬ್ಲೂಸ್ ಸಂಗೀತದ ಪಿಯಾನೋ ವಾದಕ ವಿಲ್ಬರ್ಟ್. ಅಮೆರಿಕದ ಓಕ್ಲೆಂಡಿನ ಅವರ ಮನೆಯಲ್ಲಿ, ಸಂಗೀತ ಸಂಸ್ಥೆಯೊಂದರಿಂದ ಒಪ್ಪಂದ ಹಿಡಿದು ಬಂದಿದ್ದ ಸಂಯುಕ್ತಾಳ ಲ್ಯಾಪ್‌ಟಾಪಿನಲ್ಲಿ ಕೇಳಿಬರುತ್ತಿದ್ದುದು ಅವರಿಗೆ ಹೆಸರು ತಂದುಕೊಟ್ಟ ಮೊದಲ ರೆಕಾರ್ಡು. ಜಾಜ್ ಬೆರೆತ ಆ ಹಾಡುಗಳನ್ನು ಮತ್ತೆ ಹೊರತರಲು ಅವರ ಸಹಿ ಬೇಕಿತ್ತು.

"ಕವರ್ ಮೇಲೆ ನಿಮ್ಮದೇ ಫೋಟೋ ಇದೆಯಲ್ಲ, ಸರ್?"

"ನುಡಿಸಿದ್ದು ನನ್ನಕ್ಕ ಲೊರೇನ್. ಹೆಂಗಸಿನ ಹೆಸರಿದ್ರೆ ಯಾರೂ ಕೊಳ್ಳಲ್ಲ ಅಂದ್ರು ಆಗಿನ ರೆಕಾರ್ಡ್ ಕಂಪನಿಯವರು. ನಾನೂ ಸುಮ್ಮನಿದ್ದೆ. ಅವಳು ಸಾಯೋವರೆಗೂ ಸುಮ್ಮನೇ ಇದ್ದೆ."

ಸಂಯುಕ್ತಾ ಹಾಡು ನಿಲ್ಲಿಸಿದಳು. "ಇದು ಗೊತ್ತಾದ್ರೆ ಜನ ನಿಮ್ಮನ್ನ..."

"ಗೊತ್ತಾಗಲಿ."

ಅವರು ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಒಪ್ಪಂದದಲ್ಲಿ ವಾದಕರ ಹೆಸರಿದ್ದ ಜಾಗದಲ್ಲಿ ತಮ್ಮ ಹೆಸರನ್ನು ಹೊಡೆದುಹಾಕಿದರು. ಆಮೇಲೆ ಒಂದೊಂದೇ ಅಕ್ಷರವಾಗಿ, ಅಕ್ಕನ ಪೂರ್ತಿ ಹೆಸರು ಬರೆದರು.