ಹೆಸರಿಡುವ ಮೊದಲು

ಕೊಳೆತ ದಿಮ್ಮಿಯನ್ನು ಹೊರಳಿಸಿದಾಗ ವಿಶಾಲಾಕ್ಷಿಯವರಿಗೆ ಕಂಡದ್ದು ಒಂದೇ ಒಂದು ಜೀವ. ಜೇಡದಂತೆ ಕಾಣುವ, ಕೂದಲೆಳೆಯಂಥ ಉದ್ದ ಕಾಲುಗಳ ಹಾರ್ವೆಸ್ಟ್‌ಮನ್. ಹಿಮದ ಚಳಿಯಲ್ಲಷ್ಟೇ ಬದುಕುವ ಈ ಜಾತಿಯನ್ನು ಮೆಲ್ಬರ್ನಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವರು ಆರು ವರ್ಷದಿಂದ ಹುಡುಕುತ್ತಿದ್ದರು. ಈ ಬೆಟ್ಟ ಬಿಟ್ಟು ಬೇರೆಲ್ಲೂ ಸಿಕ್ಕಿರಲಿಲ್ಲ. ಸ್ಕೀ ಆಟಕ್ಕೆ ಇಳಿಜಾರು ಮಾಡಲು ಸೋಮವಾರ ಇಲ್ಲಿಗೂ ಬುಲ್ಡೋಜರ್ ಬರುವುದಿತ್ತು.

ಅವರು ಆಲ್ಕೋಹಾಲ್ ತುಂಬಿದ ಶೀಶೆಯ ಮುಚ್ಚಳ ತೆಗೆದರು. ಬಾಕ್ಸ್ ಹಿಲ್‌ನ ಮನೆಯಿಂದ ಕಾರು ಓಡಿಸಿಕೊಂಡು ಬಂದಿದ್ದ ಗಂಡ ಶ್ರೀಕಂಠಯ್ಯ ಕೈ ಅಡ್ಡ ಹಿಡಿದರು.

“ಬೇಡ ಕಣೇ, ಇರೋದೇ ಒಂದು.”

“ಇವುಗಳ ಜಾತಿ ಗುರುತಿಸೋದು ಗಂಡಿನಿಂದಲೇ, ಹೆಣ್ಣು ಸಾಲಲ್ಲ. ಗಂಡಿನ ಸ್ಪೆಸಿಮನ್ ತೋರಿಸಿದ್ರೆ ಹೊಸ ಜಾತಿ ಅಂತ ಒಪ್ಕೋತಾರೆ ರೀ. ಹೆಸರಿಟ್ಟ ಮೇಲೆ ಕೆಲಸ ನಿಲ್ಸಿ ಅಂತ ಕೇಳಬಹುದು. ಹೆಸರೇ ಇಲ್ಲದ್ದನ್ನ ಉಳಿಸಿ ಅಂದ್ರೆ ಯಾರು ಕೇಳ್ತಾರೆ? ಗಾತ್ರ ನೋಡಿದ್ರೆ ಇದು ಗಂಡೇ.”

ಶೀಶೆಯೊಳಗೆ ಎಂಟು ಕಾಲುಗಳು ಸ್ವಲ್ಪ ಹೊತ್ತು ಒದ್ದಾಡಿ, ಒಂದೊಂದಾಗಿ ಮಡಚಿಕೊಂಡವು. ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ ವಿಶಾಲಾಕ್ಷಿ ಭೂತಕನ್ನಡಿ ಹಿಡಿದು ನೋಡಿದರು. ಕನ್ನಡಕದ ಮಂಜು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಶೀಶೆಯನ್ನು ಕರಗದೆ ಉಳಿದಿದ್ದ ಹಿಮದ ಮೇಲೆ ಇಟ್ಟರು.

“ಹೆಣ್ಣು ರೀ,” ಅಂದರು. “ಹೊಟ್ಟೆ ತುಂಬ ಮೊಟ್ಟೆ.”