ಎತ್ತಂಗಡಿ

ಮುಖ್ಯ ಕಾರ್ಯದರ್ಶಿ ವಿರೂಪಾಕ್ಷಯ್ಯನವರ ನಿವೃತ್ತಿಯ ಬೀಳ್ಕೊಡುಗೆ ಊಟ. ಹಿಂದೆ ಜಿಲ್ಲಾಧಿಕಾರಿಯಾಗಿ ಮರಳು ದಂಧೆಯವರಿಗೆ ಸಿಂಹಸ್ವಪ್ನವಾಗಿದ್ದ ಅವರನ್ನು ಯಾವ ಜಿಲ್ಲೆಯಲ್ಲೂ ವರ್ಷ ತುಂಬುವವರೆಗೆ ಉಳಿಸಿರಲಿಲ್ಲ. ಆ ವರ್ಗಾವಣೆಗಳನ್ನು ಅವರು ಪದಕಗಳೆಂದೇ ಹೇಳಿಕೊಳ್ಳುತ್ತಿದ್ದರು. ಹೆಂಡತಿ ಶಾಂಭವಿ ಒಮ್ಮೆಯೂ ಗೊಣಗದೆ ಗಂಟುಮೂಟೆ ಕಟ್ಟಿದ್ದರು.

ಪಕ್ಕದಲ್ಲಿ ಉಣ್ಣುತ್ತಿದ್ದ ಹಳೆಯ ಮಂತ್ರಿಯನ್ನು ವಿರೂಪಾಕ್ಷಯ್ಯ ನಗುತ್ತಲೇ ಕೆಣಕಿದರು. "ದಂಧೆಯವರ ಮಾತು ಕೇಳಿ ನನ್ನನ್ನ ಎಷ್ಟು ಸಲ ಎತ್ತಂಗಡಿ ಮಾಡಿಸಿದ್ರಿ ಸ್ವಾಮಿ! ಈಗಲಾದ್ರೂ ಒಪ್ಕೊಳ್ಳಿ."

"ಅವರು ಕೇಳಿದ್ದು ನಿಜ. ನಾನು ಜಗ್ಗಲಿಲ್ಲ."

ವಿರೂಪಾಕ್ಷಯ್ಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು. "ಮತ್ತೆ ಯಾರ ಮಾತಿಗೆ ಜಗ್ಗಿದ್ರಿ?"

ಮಂತ್ರಿ ಎದುರಿಗೆ ಕೂತಿದ್ದ ಶಾಂಭವಿಯವರತ್ತ ನೋಡಿದರು.

"ನಿನ್ನ ಗಂಡನ ಮೇಲೆ ಲಾರಿ ಹತ್ತಿಸ್ತೀವಿ ಅಂತ ಮನೆಗೆ ಫೋನ್ ಬರ್ತಿತ್ತು ಕಣ್ರೀ," ಎಂದರು ಶಾಂಭವಿ. "ಪ್ರತಿ ಸಲವೂ ನಾನೇ ಹೋಗಿ ಈ ಮಂತ್ರಿಗಳ ಕಾಲು ಹಿಡಿದೆ."